ತಮ್ಮನ ಹೆಸರಿನ ಕಾಗದಗಳು

ಕಳೆದ ವಾರ ತಮ್ಮನ ಪಿಎಫ್ ಹಣ ಅಮ್ಮನ ಖಾತೆಗೆ ಬಂತು. ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ ಮೇಲೆ ಶುರುವಾದ ಓಡಾಟ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ನಮ್ಮ ಹಾಗೆ ಊರು ಬಿಟ್ಟು ಮುಂಬೈಗೆ ಬಂದ ಕನ್ನಡದವರು ಎಷ್ಟೋ ಜನ ಇದ್ದಾರೆ. ಹುಡುಗರು ಇಲ್ಲಿ ರೂಮ್ ಮಾಡಿಕೊಂಡಿರುತ್ತಾರೆ, ಅಪ್ಪ ಅಮ್ಮ ಊರಲ್ಲಿರುತ್ತಾರೆ. ಇಂಥದ್ದು ಯಾರಿಗೂ ಬರಬಾರದು. ಬಂದರೆ ಎಲ್ಲಿಗೆ ಹೋಗಬೇಕು, ಅಲ್ಲಿ ಏನು ಕೇಳುತ್ತಾರೆ ಅನ್ನುವುದಾದರೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ನಡುನಡುವೆ ಅವನ ಮಾತೂ ಬರುತ್ತದೆ. ಅವನನ್ನು ಬಿಟ್ಟು ಬರೀ ಫಾರಂಗಳ ಬಗ್ಗೆ ಬರೆಯುವುದು ನನ್ನಿಂದ ಆಗುವುದಿಲ್ಲ.

ಅವನು ನನಗಿಂತ ಆರು ವರ್ಷ ಚಿಕ್ಕವನು. ನಮ್ಮದು ಕುಂದಾಪುರದ ಕಡೆ. ನಾನು ಮದುವೆಯಾಗಿ ಡೊಂಬಿವಲಿಗೆ ಬಂದೆ. ಬಿ.ಕಾಂ ಮುಗಿಸಿ ಅವನೂ ಬಂದ, ಸುಮಾರು ದಿನ ನಮ್ಮ ಹಾಲಿನಲ್ಲೇ ಮಲಗಿದ. ಕೆಲಸ ಸಿಕ್ಕಿದ ಮೇಲೆ, ಅವನ ಹಾಗೇ ಯಕ್ಷಗಾನದ ಹುಚ್ಚಿದ್ದ ಇನ್ನೊಬ್ಬ ಹುಡುಗನ ಜೊತೆ ಮುಲುಂಡಿನಲ್ಲಿ ರೂಮ್ ಹಿಡಿದ. ಭಾನುವಾರ ಮಾತ್ರ ನಮ್ಮ ಜೊತೆಗೇ. ಕೆಲವು ಸಲ ಮಾಟುಂಗಕ್ಕೆ, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಎಲೆ ಊಟಕ್ಕೆ ಹೋಗುತ್ತಿದ್ದೆವು. ಊಟ ಮುಗಿಯುವ ಹೊತ್ತಿಗೆ ಅವನು ಅಂಗೈ ಕುಳಿ ಮಾಡಿ ಸಾರು ಹಾಕಿಸಿಕೊಂಡು ಸುರ್ ಅಂತ ಕುಡಿಯುತ್ತಿದ್ದ. ಪಕ್ಕದವರು ನೋಡುತ್ತಾರೆ ಕಣೋ ಅಂದರೆ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಿದ್ದ. ಗಂಡನ ಹತ್ತಿರ ಆಡಲಾಗದ ಮಾತನ್ನೂ ಅವನ ಹತ್ತಿರ ಆಡುತ್ತಿದ್ದೆ. ಈ ಊರಿನಲ್ಲಿ ನನಗೆ ಅಂತ ಇದ್ದ ಗೆಳೆಯ ಅವನೊಬ್ಬನೇ.

ಜುಲೈಯಲ್ಲಿ ಒಂದು ಸಂಜೆ ಕುರ್ಲಾ ಹತ್ತಿರ ಲೋಕಲ್ ನಿಂತಿತು. ಎಲ್ಲರ ಹಾಗೆ ಅವನೂ ಇಳಿದು ಮೊಣಕಾಲು ಮಟ್ಟದ ನೀರಿನಲ್ಲಿ ನಡೆದು ಬಂದ. ಹಿಮ್ಮಡಿಯಲ್ಲಿ ಹೊಸ ಚಪ್ಪಲಿ ಕಚ್ಚಿದ ಗಾಯ ಇತ್ತು. ಸುಮಾರು ಒಂದು ವಾರ ಕಳೆದು ಜ್ವರ ಬಂತು. ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು, ಕಣ್ಣು ಕೆಂಪು. ಹತ್ತಿರದ ಡಾಕ್ಟರು ವೈರಲ್ ಅಂದರು, ಮಾತ್ರೆ ಕೊಟ್ಟರು. ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದಾಗ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಲೆಪ್ಟೋಸ್ಪೈರೋಸಿಸ್ ಅಂದರು. ಅಷ್ಟು ಹೊತ್ತಿಗೆ ಕಿಡ್ನಿ ಸೋತಿತ್ತು. ಅವನಿಗೆ 33 ವರ್ಷ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಅದಾದ ಮೇಲೆ ಮುಂಬೈಯಲ್ಲಿ ಈ ಕಾಯಿಲೆಯಿಂದ ಬಹಳ ಜನ ನರಳಿದರು. ಇಲಿ, ನಾಯಿ, ದನಗಳ ಮೂತ್ರ ಸೇರಿದ ನೀರು ಗಾಯದ ಮೂಲಕ ಒಳಗೆ ಹೋದರೆ ಬರುವ ಕಾಯಿಲೆ ಇದು. ನಿಂತ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಬೇಕು ಅಂತ ಮಹಾನಗರಪಾಲಿಕೆ ಪ್ರತಿ ಮಳೆಗಾಲದಲ್ಲೂ ಹೇಳುತ್ತದೆ. ಕಾಲಲ್ಲಿ ಗಾಯ ಇದ್ದರೆ ದಯವಿಟ್ಟು ಅಸಡ್ಡೆ ಮಾಡಬೇಡಿ. ಜ್ವರ ಬಂದರೆ, ನೀರಿನಲ್ಲಿ ನಡೆದದ್ದನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಎಲ್ಲರೂ ಕೇಳುವುದಿಲ್ಲ.

ಆಮೇಲೆ ಆದ ಅರ್ಧ ಕಷ್ಟಕ್ಕೆ ಕಾರಣ ಆಸ್ಪತ್ರೆ ಸೇರಿಸಿದ ರಾತ್ರಿ ಬರೆದ ಹೆಸರು. ಆಧಾರ್‌ನಲ್ಲಿ ಅವನ ಹೆಸರು ನಮ್ಮ ಕಡೆಯ ಪದ್ಧತಿಯಂತೆ ಇತ್ತು: ಮುಂದೆ ಒಂದು ಇನಿಶಿಯಲ್, ಆಮೇಲೆ ಹೆಸರು, ಕೊನೆಗೆ ಶೆಟ್ಟಿ. ಮಹಾರಾಷ್ಟ್ರದಲ್ಲಿ ಹೆಸರು, ಅಪ್ಪನ ಹೆಸರು, ಸರ್‌ನೇಮ್ ಅಂತ ಬರೆಯುವುದು ರೂಢಿ. ಕೌಂಟರಿನಲ್ಲಿದ್ದವರು ಅಪ್ಪನ ಹೆಸರು ಕೇಳಿ ಅದನ್ನು ನಡುವೆ ಸೇರಿಸಿದರು, ಇನಿಶಿಯಲ್ ಬಿಟ್ಟರು. ಆಧಾರ್ ಕೈಯಲ್ಲೇ ಇತ್ತು, ಯಾರೂ ತಿರುಗಿಸಿ ನೋಡಲಿಲ್ಲ. ಅದೇ ಹೆಸರು ಕೇಸ್ ಪೇಪರಿಗೆ ಹೋಯಿತು, ಅಲ್ಲಿಂದ ಮರಣ ವರದಿಗೆ, ಅಲ್ಲಿಂದ ಪ್ರಮಾಣಪತ್ರಕ್ಕೆ. ನಿಮ್ಮವರು ಯಾರೇ ಆಸ್ಪತ್ರೆ ಸೇರಲಿ, ಮರುದಿನ ಬೆಳಿಗ್ಗೆ ಹೋಗಿ ಆಧಾರ್‌ನಲ್ಲಿದ್ದ ಹಾಗೇ ಅಕ್ಷರಕ್ಕಕ್ಷರ ಬರೆಸಿ. ಬದುಕಿದ್ದಾಗ ಒಂದು ಚೀಟಿಯಲ್ಲಿ ಮುಗಿಯುವ ಕೆಲಸ ಅದು.

ತೀರಿಕೊಂಡದ್ದು ನಡುರಾತ್ರಿ ಕಳೆದ ಮೇಲೆ. ಊರಿಗೆ ಫೋನ್ ಮಾಡಿದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಮಾಣಿನ ಮನೆಗೆ ಕರ್ಕಂಡ್ ಬನ್ನಿ." ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನಾವು ಅದನ್ನೇ ಚರ್ಚೆ ಮಾಡಿದೆವು. ದೇಹಕ್ಕೆ ಔಷಧಿ ಹಾಕಿಸಿ ಅದರ ಪ್ರಮಾಣಪತ್ರ ಪಡೆಯಬೇಕು, ಪೊಲೀಸರ ನಿರಾಕ್ಷೇಪಣಾ ಪತ್ರ ಬೇಕು. ಆಂಬುಲೆನ್ಸಿನವರು ಹೇಳಿದ ಬಾಡಿಗೆ ಅವನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಅದಕ್ಕಿಂತ ಹೆಚ್ಚಾಗಿ, ಆ ಮಳೆಯಲ್ಲಿ ಕೊಂಕಣದ ಘಾಟಿ ರಸ್ತೆ. ಕೊನೆಗೆ ಅಮ್ಮನನ್ನೇ ಕರೆಸುವುದು ಅಂತಾಯಿತು. ಚಿಕ್ಕಪ್ಪನ ಮಗ ಮಂಗಳೂರಿನಿಂದ ವಿಮಾನದಲ್ಲಿ ಕರೆದುಕೊಂಡು ಬಂದ. ಅಮ್ಮ ವಿಮಾನ ಹತ್ತಿದ್ದು ಅದೇ ಮೊದಲು.

ಬೆಳಿಗ್ಗೆ ಬಿಲ್ಲಿನ ತಕರಾರು. ಕಂಪನಿಯ ವಿಮೆ ಇತ್ತು, ಆದರೂ ಕೈಗವಸು, ಸಿರಿಂಜು, ಮತ್ತೊಂದು ಮಗದೊಂದು ಅಂತ ವಿಮೆಗೆ ಬಾರದ ಪಟ್ಟಿ ದೊಡ್ಡದಿತ್ತು. ಅದು ಕಟ್ಟಿದ ಮೇಲೆ ದೇಹ ಅಂದರು. ತಮ್ಮನ ರೂಮ್‌ಮೇಟ್ ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದವನು ಎದ್ದು ಬಂದ. ಬಿಲ್ ಬಾಕಿ ಇದೆ ಅಂತ ದೇಹ ತಡೆಹಿಡಿಯುವಂತಿಲ್ಲ, ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಬರೆದಿದೆ, ಆ ಬೋರ್ಡು ನಿಮ್ಮ ಗೋಡೆ ಮೇಲೇ ಇದೆ ನೋಡಿ ಅಂದ. ಇತ್ತು. ಉಳಿದ ಹಣವನ್ನು ನಾವು ಆಮೇಲೆ ಕಟ್ಟಿದೆವು. ರಾತ್ರಿಯಿಡೀ ಅವನು ಆ ಬೋರ್ಡನ್ನೇ ಓದುತ್ತಿದ್ದನಂತೆ, ಬೇರೆ ಎಲ್ಲಿ ನೋಡುವುದು ಅಂತ ತಿಳಿಯದೆ.

ತಮ್ಮನಿಗಿಂತ ಚಿಕ್ಕವನು ಅಂತ ಚಿಕ್ಕಪ್ಪನ ಮಗನೇ ಬೆಂಕಿ ಕೊಟ್ಟ. ಸ್ಮಶಾನದಲ್ಲಿ ಕೊಡುವ ರಸೀದಿ ಚಿಕ್ಕ ಕಾಗದ, ಜೇಬಿನಲ್ಲಿ ಮುದ್ದೆಯಾಗಿ ಹೋಗುತ್ತದೆ. ಜೋಪಾನ ಮಾಡಿ, ಮುಂದೆ ಕೇಳುತ್ತಾರೆ. ಅಸ್ಥಿ ತೆಗೆದುಕೊಂಡು ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋದೆವು. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ, ಗಾಡಿಗಳು ನಿಧಾನ ಹೋಗುತ್ತವೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಲೆಕ್ಕ ಹಾಕಿ ಟಿಕೆಟ್ ಮಾಡುವವರು ಅದನ್ನೂ ನೋಡಿಕೊಳ್ಳಿ. ಬೊಜ್ಜ ಮುಗಿಸಿ ಅಮ್ಮ ಊರಲ್ಲೇ ಉಳಿದಳು, ನಾನು ವಾಪಸ್ ಬಂದೆ.

ಇನ್ನು ಕಾಗದದ ವಿಷಯ. ಮರಣ ನೋಂದಣಿ ಆಗುವುದು ತೀರಿಕೊಂಡ ಜಾಗದಲ್ಲಿ, ವಾಸ ಇದ್ದ ಜಾಗದಲ್ಲಲ್ಲ. ನಾನು ಡೊಂಬಿವಲಿಯಲ್ಲಿ ಇರುವುದರಿಂದ ಇಲ್ಲಿನ ಕಲ್ಯಾಣ–ಡೊಂಬಿವಲಿ ಪಾಲಿಕೆಗೆ ಹೋಗಿ ಅಂತ ಹೇಳಿದವರೇ ಜಾಸ್ತಿ. ಅದು ತಪ್ಪು. ಆಸ್ಪತ್ರೆ ಇರುವುದು ಮುಂಬೈ ಪಾಲಿಕೆಯ ಯಾವ ವಾರ್ಡಿನಲ್ಲೋ, ಆ ವಾರ್ಡ್ ಆಫೀಸು. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ 21 ದಿನದೊಳಗೆ ವರದಿ ಆಗಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅದನ್ನು ಆಸ್ಪತ್ರೆಯವರೇ ಕಳಿಸುತ್ತಾರೆ. ಕಳಿಸಿದರಾ ಅಂತ ಮಾತ್ರ ಕೇಳುತ್ತಿರಿ. ಮನೆಯಲ್ಲಿ ತೀರಿಕೊಂಡರೆ ಮನೆಯವರೇ ವರದಿ ಮಾಡಬೇಕು. ಮಹಾರಾಷ್ಟ್ರದ ಪ್ರಮಾಣಪತ್ರದಲ್ಲಿ ಮರಾಠಿ, ಇಂಗ್ಲಿಷ್ ಎರಡೂ ಇರುತ್ತದೆ, ಹಾಗಾಗಿ ಊರಿನಲ್ಲೂ ನಡೆಯುತ್ತದೆ. ಹೆಚ್ಚಿನ ಪ್ರತಿಗಳಿಗೆ ಸಣ್ಣ ಶುಲ್ಕ. ಒಂದೇ ಸಲಕ್ಕೆ ಹತ್ತಾದರೂ ತೆಗೆದುಕೊಳ್ಳಿ, ಕೆಲವು ಕಡೆ ಜೆರಾಕ್ಸ್ ಮುಟ್ಟುವುದೇ ಇಲ್ಲ.

ನಮ್ಮ ಪ್ರತಿ ಕೈಗೆ ಬಂದಾಗ ಹೆಸರಿನ ನಡುವೆ ಅಪ್ಪ ಕೂತಿದ್ದರು. ಅದೇ ಕಾಯ್ದೆಯ 15ನೇ ಕಲಂನಲ್ಲಿ ತಿದ್ದುಪಡಿಗೆ ಅವಕಾಶ ಇದೆ. ಆದರೆ ವಾರ್ಡಿನವರು ಆಸ್ಪತ್ರೆಯಿಂದ ಪತ್ರ ತನ್ನಿ ಅಂದರು. ಆಸ್ಪತ್ರೆಯ ರೆಕಾರ್ಡ್ ವಿಭಾಗದವರು ರೋಗಿಯ ಕಡೆಯವರು ಹೇಳಿದ್ದನ್ನೇ ಬರೆದಿದ್ದೇವೆ ಅಂದರು. ಅಫಿಡವಿಟ್ ಮಾಡಿಸಿ, ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೋಡಿಸಿ ಕೊಟ್ಟು ಕಾದೆವು. ಅಂಕಪಟ್ಟಿ ಊರಿನ ಮನೆಯ ಟ್ರಂಕಿನಲ್ಲಿತ್ತು. ಅಮ್ಮ ಅದನ್ನು ಹುಡುಕಿ ಕಳಿಸುವಾಗ ಅವನು ಎಂಟನೇ ಕ್ಲಾಸಿನಲ್ಲಿ ಬರೆದ ರಜಾ ಚೀಟಿಯನ್ನೂ ಒಳಗಿಟ್ಟಿದ್ದಳು. ಅಜ್ಜಿ ತೀರಿಕೊಂಡಿದ್ದಾರೆ, ಎರಡು ದಿನ ರಜೆ ಬೇಕು ಅಂತ ಅದರಲ್ಲಿತ್ತು. ಅಜ್ಜಿ ಆಮೇಲೆ ಎಷ್ಟೋ ವರ್ಷ ಬದುಕಿದ್ದರು. ಹತ್ತಿರದಲ್ಲೇ ಎಲ್ಲೋ ಯಕ್ಷಗಾನದ ಆಟ ಇದ್ದಿರಬೇಕು.

ಪ್ರಮಾಣಪತ್ರ ಸರಿಯಾದ ಮೇಲೆ ಬ್ಯಾಂಕು. ಅಲ್ಲಿ ಮೊದಲ ಪ್ರಶ್ನೆ, "ನೀವು ಯಾರು?" ಅಕ್ಕ ಅಂದೆ. ಅಕ್ಕನಿಗೆ ಇಲ್ಲಿ ಕೆಲಸ ಇಲ್ಲ ಅನ್ನುವ ಹಾಗೆ ನೋಡಿದರು. ನೋಟ ಒರಟು, ಆದರೆ ಮಾತು ಕಾನೂನಿನ ಪ್ರಕಾರ ಸರಿಯೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಮೊದಲ ದರ್ಜೆಯ ವಾರಸುದಾರರು ಹೆಂಡತಿ, ಮಕ್ಕಳು, ತಾಯಿ. ತಂದೆ ಎರಡನೇ ದರ್ಜೆ. ಅಣ್ಣ ತಮ್ಮ ಅಕ್ಕ ತಂಗಿ ಎಲ್ಲ ತಂದೆಯ ನಂತರ. ಅವನಿಗೆ ಮದುವೆ ಆಗಿರಲಿಲ್ಲ. ಅಪ್ಪ ಮೊದಲೇ ಹೋಗಿದ್ದರು. ಹಾಗಾಗಿ ಅವನದ್ದೆಲ್ಲವೂ ಅಮ್ಮನಿಗೆ ಒಬ್ಬಳಿಗೇ. ಇದು ಗೊತ್ತಾದ ದಿನವೇ ನಾನು ದಾರಿ ಬದಲಿಸಿದೆ. ನನ್ನ ಕಾಗದ ಜೋಡಿಸುವುದನ್ನು ಬಿಟ್ಟು ಅಮ್ಮನ ಕಾಗದ ಹಿಡಿದೆ. ನಿಮ್ಮಲ್ಲೂ ಹೀಗಿದ್ದರೆ ಅಲ್ಲಿಂದಲೇ ಶುರು ಮಾಡಿ: ಅಮ್ಮನ ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ತರ ಇದೆಯಾ ನೋಡಿ.

ನಮ್ಮಮ್ಮನದ್ದು ಇರಲಿಲ್ಲ. ಆಧಾರ್‌ನಲ್ಲಿ ಶೆಟ್ಟಿ, ಹಳೆಯ ಪಾಸ್‌ಬುಕ್ಕಿನಲ್ಲಿ ಶೆಡ್ತಿ, ಅಂದರೆ ಶೆಟ್ಟಿ ಹೆಂಗಸರು ಹಿಂದೆ ಬರೆಸುತ್ತಿದ್ದ ರೂಪ. ನಮ್ಮ ಕಡೆಯ ವಯಸ್ಸಾದ ಹೆಂಗಸರದ್ದೆಲ್ಲ ಹೀಗೇ ಅಲ್ವಾ? ಊರಿನ ಬ್ಯಾಂಕಿನವರಿಗೆ ಅದು ಗೊತ್ತು, ಮುಂಬೈಯವರಿಗೆ ಅವರು ಇಬ್ಬರು ಬೇರೆ ಹೆಂಗಸರು. ಊರಿನ ಶಾಖೆಯಲ್ಲಿ ಹೊಸ ಕೆವೈಸಿ ಮಾಡಿಸಿ ಸರಿಮಾಡಿಸಿದೆವು. ಮತ್ತೊಂದು ತೊಡಕು, ಅಮ್ಮ ಸಹಿ ಹಾಕುವುದು ಕನ್ನಡದಲ್ಲಿ. ಫಾರಂ ಇಂಗ್ಲಿಷಿನದ್ದು. ಹಾಗಿದ್ದಾಗ, ಇದರಲ್ಲಿ ಬರೆದದ್ದನ್ನು ಅವರ ಭಾಷೆಯಲ್ಲಿ ವಿವರಿಸಿದ್ದೇನೆ, ಅವರಿಗೆ ಅರ್ಥವಾಗಿದೆ ಅಂತ ಬೇರೊಬ್ಬರು ಬರೆದು ಸಹಿ ಮಾಡಬೇಕು. ಹೆಚ್ಚಿನ ಫಾರಂಗಳಲ್ಲಿ ಕೊನೆಯ ಪುಟದಲ್ಲಿ ಅದಕ್ಕೆ ಜಾಗ ಇರುತ್ತದೆ. ಖಾಲಿ ಬಿಟ್ಟರೆ ವಾಪಸ್ ಬರುತ್ತದೆ.

ಖಾತೆಗೆ ನಾಮಿನಿ ಇರಲಿಲ್ಲ. ನಾಮಿನಿ ಇದ್ದು ಕಾಗದ ಪೂರ್ತಿ ಇದ್ದರೆ 15 ದಿನದಲ್ಲಿ ಹಣ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಇಲ್ಲದಿದ್ದರೆ ಇಂಡೆಮ್ನಿಟಿ ಬಾಂಡ್ (ಮುಂದೆ ಬೇರೆಯವರು ಹಕ್ಕು ಹೇಳಿದರೆ ನಷ್ಟ ನಾವೇ ಭರಿಸುತ್ತೇವೆ ಅನ್ನುವ ಮುಚ್ಚಳಿಕೆ), ಅಫಿಡವಿಟ್, ಕೆಲವು ಸಲ ಜಾಮೀನು. ಮೊತ್ತ ದೊಡ್ಡದಾದರೆ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರವೂ ಬೇಕಾಗಬಹುದು. ನಮ್ಮದು ಅಲ್ಲಿಯವರೆಗೆ ಹೋಗಲಿಲ್ಲ. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರಿನಿಂದ 100 ರೂಪಾಯಿಯ ಸ್ಟ್ಯಾಂಪ್ ಪೇಪರಿನ ಜಾಗಕ್ಕೆ 500 ರೂಪಾಯಿಯದ್ದು ಬಂದಿದೆ. ಒಂದು ಅಕ್ಷರ ತಪ್ಪಾದರೆ ಮತ್ತೆ ಅಷ್ಟೇ ದುಡ್ಡು. ಬರೆಸುವ ಮೊದಲು ಕರಡನ್ನು ಬ್ಯಾಂಕಿನವರಿಗೆ ತೋರಿಸಿ ಹೂಂ ಅನ್ನಿಸಿಕೊಳ್ಳಿ. ಅವನ ಎಟಿಎಂ ಪಿನ್ ನನಗೆ ಗೊತ್ತಿತ್ತು. ಸುಮ್ನೆ ತೆಗೆದುಬಿಡು, ಯಾರಿಗೆ ಗೊತ್ತಾಗುತ್ತೆ ಅಂತ ಹಲವರು ಅಂದರು. ಸತ್ತವರ ಖಾತೆಯಿಂದ ಹಾಗೆ ತೆಗೆಯುವಂತಿಲ್ಲ. ಆಮೇಲೆ ಉತ್ತರ ಹೇಳಬೇಕಾದವಳು ಅಮ್ಮ. ಸಿಮ್ ಮಾತ್ರ ಬಂದ್ ಮಾಡಿಸಬೇಡಿ, ಸ್ವಲ್ಪ ದಿನ ರೀಚಾರ್ಜ್ ಮಾಡುತ್ತಿರಿ. ಯಾವ ವಿಮೆ, ಯಾವ ಕಂತು ಇದೆ ಅನ್ನುವುದು ಆ ಮೆಸೇಜುಗಳಿಂದಲೇ ತಿಳಿಯುತ್ತದೆ.

ಪಾಸ್‌ಬುಕ್ ಎಂಟ್ರಿ ಮಾಡಿಸಿ ಸಾಲುಸಾಲಾಗಿ ಓದಿ. ನಮ್ಮದರಲ್ಲಿ ಮೇ ತಿಂಗಳ ಕೊನೆಗೆ 436 ರೂಪಾಯಿ ಕಡಿತವಾದ ಒಂದು ಸಾಲು ಇತ್ತು. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ವರ್ಷದ ಕಂತು. ಕಾಯಿಲೆಯಿಂದ ಸತ್ತರೂ 2 ಲಕ್ಷ ಬರುತ್ತದೆ. ಪಕ್ಕದಲ್ಲೇ ಇದ್ದ 20 ರೂಪಾಯಿಯ ಸಾಲು ಸುರಕ್ಷಾ ವಿಮೆಯದ್ದು. ಅದು ಅಪಘಾತಕ್ಕೆ ಮಾತ್ರ, ನಮಗೆ ಅನ್ವಯಿಸಲಿಲ್ಲ. ಜೀವನ್ ಜ್ಯೋತಿಗೆ ಅಮ್ಮನ ಹೆಸರು ಬರೆಸಿದ್ದ. ಮ್ಯೂಚುವಲ್ ಫಂಡಿನಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಕಟ್ಟುವ ಒಂದು ಸಿಪ್ ಇತ್ತು. ಅದರ ನಾಮಿನಿ ನಾನು. ಸಂಬಂಧ ಅನ್ನುವ ಕಡೆ ಅಕ್ಕ ಅಂತ ಅವನೇ ಆರಿಸಿ ಹಾಕಿದ್ದ. ಅಷ್ಟೆಲ್ಲ ಆಫೀಸುಗಳಲ್ಲಿ ಲೆಕ್ಕಕ್ಕೇ ಇಲ್ಲದವಳಿಗೆ ಆ ಪರದೆಯ ಮುಂದೆ ಸುಮಾರು ಹೊತ್ತು ಏಳಲಾಗಲಿಲ್ಲ. ನಾಮಿನಿ ಅಂದರೆ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು ಅಷ್ಟೇ, ಮಾಲೀಕರಲ್ಲ. ಬಂದದ್ದನ್ನು ಅಮ್ಮನ ಖಾತೆಗೆ ಹಾಕಿದೆ.

ಕಂಪನಿಯವರು ಒಳ್ಳೆಯವರೇ, ಆದರೆ ಗ್ರಾಚ್ಯುಟಿ (ಸೇವೆಯ ವರ್ಷ ಲೆಕ್ಕ ಹಾಕಿ ಕಂಪನಿ ಕೊನೆಗೆ ಕೊಡುವ ಹಣ) ಕೇಳಿದಾಗ ಐದು ವರ್ಷ ಆಗಿಲ್ಲ, ಬರುವುದಿಲ್ಲ ಅಂದರು. ಗ್ರಾಚ್ಯುಟಿಯ ಕಾನೂನಿನಲ್ಲೇ ಇದೆ, ನೌಕರ ತೀರಿಕೊಂಡಾಗ ಐದು ವರ್ಷದ ನಿಯಮ ಇಲ್ಲ ಅಂತ. ಪರಿಚಯದ ವಕೀಲರೊಬ್ಬರು ಹೇಳಿದ ಮೇಲೆ ಇಮೇಲ್ ಹಾಕಿದೆ. ಎದುರು ಮಾತಿಲ್ಲದೆ ಕೊಟ್ಟರು. ಬಾಯಲ್ಲಿ ಕೇಳಿದ್ದಕ್ಕೆ ಸಿಗುವ ಉತ್ತರವೇ ಬೇರೆ, ಇಮೇಲಿಗೆ ಸಿಗುವುದೇ ಬೇರೆ.

ಎಲ್ಲಕ್ಕಿಂತ ಹೆಚ್ಚು ಕಾಯಿಸಿದ್ದು ಪಿಎಫ್. ಅಲ್ಲಿ ಮೂರು ಬಾಬ್ತು ಇದೆ: ಫಾರಂ 20 ಪಿಎಫ್ ಹಣಕ್ಕೆ, 10-ಡಿ ಪಿಂಚಣಿಗೆ, 5-ಐಎಫ್ ವಿಮೆಗೆ. ಮೂರನ್ನೂ ಸೇರಿಸಿದ ಒಂದೇ ಅರ್ಜಿಯೂ ಈಗ ಇದೆ. ವಿಮೆಯ ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಕೆಲಸದಲ್ಲಿರುವಾಗ ತೀರಿಕೊಂಡರೆ ಗರಿಷ್ಠ 7 ಲಕ್ಷದವರೆಗೆ ಬರುತ್ತದೆ, ಅದಕ್ಕೆ ನೌಕರ ಬೇರೆ ಕಂತು ಕಟ್ಟಿರಬೇಕಾಗಿಲ್ಲ. ಮದುವೆಯಾಗದ ಮಗನ ಪಿಂಚಣಿ, ತಂದೆ ಇಲ್ಲದಿದ್ದರೆ, ಅವನನ್ನೇ ನೆಚ್ಚಿಕೊಂಡಿದ್ದ ತಾಯಿಗೆ ಅವಳಿರುವವರೆಗೆ ಸಿಗುತ್ತದೆ. ದೊಡ್ಡ ಮೊತ್ತವಲ್ಲ, ಅಮ್ಮನ ಮಾತ್ರೆಗೆ ಆಗುತ್ತದೆ. ನಮ್ಮ ಅರ್ಜಿ ಸಿಕ್ಕಿಹಾಕಿಕೊಂಡದ್ದು, ಅವನ ಹಿಂದಿನ ಕಂಪನಿಯ ಖಾತೆ ಈಗಿನದ್ದಕ್ಕೆ ಸೇರಿರಲಿಲ್ಲ ಅಂತ. ಆ ಹಳೆಯ ಕಂಪನಿ ಮುಚ್ಚಿ ಹೋಗಿತ್ತು. ದೂರು ಹಾಕಿ, ಉತ್ತರ ಬರದಿದ್ದರೆ ಮತ್ತೆ ಹಾಕಿ, ಚಳಿಗಾಲ ಪೂರ್ತಿ ಅದರಲ್ಲೇ ಕಳೆಯಿತು. ಇದನ್ನು ಓದುವ ಹುಡುಗರಿಗೆ ಒಂದೇ ಬೇಡಿಕೆ: ನಿಮ್ಮ ಪಿಎಫ್ ಖಾತೆಗಳನ್ನು ಒಂದು ಮಾಡಿಸಿ, ಇ-ನಾಮಿನೇಶನ್ ತುಂಬಿಸಿ. ಇವತ್ತೇ ಮಾಡಿ.

ಮುಲುಂಡಿನ ರೂಮಿನ ಅಗ್ರಿಮೆಂಟ್ ಹನ್ನೊಂದು ತಿಂಗಳದ್ದು, ರೂಮ್‌ಮೇಟ್‌ನ ಹೆಸರೂ ಇತ್ತು. ಡಿಪಾಸಿಟಿನಲ್ಲಿ ತಮ್ಮನ ಪಾಲನ್ನು ಅವನು ತಾನೇ ತಂದುಕೊಟ್ಟ. ಆ ಹುಡುಗನಿಗೆ ಯಾವ ಫಾರಂನಲ್ಲೂ ಜಾಗ ಇರಲಿಲ್ಲ. ವಾರ್ಡ್ ಆಫೀಸಿನ ಸಾಲಿನಲ್ಲಿ ನನಗೆ ಜಾಗ ಹಿಡಿದು ನಿಂತವನು, ಜೆರಾಕ್ಸ್ ಮಾಡಿಸಿದವನು, ಬೊಜ್ಜಕ್ಕೆ ಊರಿಗೆ ಬಂದು ಪಾತ್ರೆ ಎತ್ತಿದವನು ಅವನೇ. ಸಾಮಾನು ತೆಗೆಯುವಾಗ ತಮ್ಮನ ಪರ್ಸಿನಲ್ಲಿ ಮೂರು ತಿಂಗಳ ಸೆಕೆಂಡ್ ಕ್ಲಾಸ್ ಪಾಸ್ ಸಿಕ್ಕಿತು. ಮಳೆಗೆ ನೆನೆದು ಶಾಯಿ ಹರಡಿತ್ತು, ಅವಧಿ ಇನ್ನೂ ಮುಗಿದಿರಲಿಲ್ಲ. ಜೊತೆಗೆ ಒಂದು ಚಿಕ್ಕ ಡೈರಿ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬೈಗೆ ಬಂದಾಗ ಮಾರಿದ ಟಿಕೆಟ್ಟಿನ ಲೆಕ್ಕ, ಅದರ ಹಿಂದಿನ ಪುಟಗಳಲ್ಲಿ ಕೈಸಾಲದ ಲೆಕ್ಕ. ಹೋಟೆಲ್ ಹುಡುಗನೊಬ್ಬನಿಗೆ ತಂಗಿಯ ಫೀಸಿಗೆ, ಇನ್ನೊಬ್ಬನಿಗೆ ರೂಮಿನ ಅಡ್ವಾನ್ಸಿಗೆ. ಒಟ್ಟು ಮಾಡಿದರೆ ಸಣ್ಣ ಮೊತ್ತವೇನಲ್ಲ. ನನಗೆ ಒಂದು ಮಾತೂ ಹೇಳಿರಲಿಲ್ಲ.

ಕಾನೂನಿನ ಪ್ರಕಾರ ಅದೂ ಅಮ್ಮನಿಗೆ ಬರಬೇಕಾದದ್ದೇ. ಫೋನಿನಲ್ಲಿ ಹೆಸರು, ಮೊತ್ತ ಎಲ್ಲ ಓದಿ ಹೇಳಿದೆ. "ಅದನ್ನೆಲ್ಲ ಕೇಂಬುಕೆ ಹೋಯ್ಬೇಡ ಹೆಣೆ," ಅಂದಳು ಅಮ್ಮ, ಕೇಳಲು ಹೋಗಬೇಡ ಅಂತ. ಇಬ್ಬರು ಮಾತ್ರ ತಾವಾಗಿಯೇ ಬಂದು ಕೊಟ್ಟುಹೋಗಿದ್ದಾರೆ. ಡೈರಿಯನ್ನು ರೂಮ್‌ಮೇಟ್‌ಗೆ ಕೊಟ್ಟೆ, ಟಿಕೆಟ್ಟಿನ ಲೆಕ್ಕ ಅವನಿಗೆ ಬೇಕಂತೆ. ಇನ್ನು ಉಳಿದಿರುವುದು ತಮ್ಮನ ಕೊನೆಯ ಐಟಿ ರಿಟರ್ನ್. ಅದಕ್ಕೆ ಅಮ್ಮನನ್ನು ಇಲಾಖೆಯ ಪೋರ್ಟಲಿನಲ್ಲಿ ವಾರಸುದಾರಳಾಗಿ ನೋಂದಾಯಿಸಬೇಕು. ಆಗಲೂ ಮರಣ ಪ್ರಮಾಣಪತ್ರ, ಅಮ್ಮನ ಪ್ಯಾನ್ ಎರಡೂ ಬೇಕು, ಎತ್ತಿಟ್ಟುಕೊಂಡಿರಿ.